ಮಲೆನಾಡಿನ ಹಂಚಿನ ಮನೆಗೆ ಬಂದು ನೆಲೆ ನಿಂತಿದ್ದು – ನನ್ನ ಅನುಭವ

ನಮ್ಮ ದಾವಣಗೆರೆ, ಚನ್ನಗಿರಿ ಕಡೆಯೋರು ಯಾರಾದ್ರೂ ಟ್ರಾನ್ಸ್‌ಫರ್ ಆಗಿಯೋ ಮದ್ವೆ ಆಗಿಯೋ ಮಲೆನಾಡಿನ ಹಳ್ಳಿಗೆ ಬರ್ತಿದ್ರೆ ಅವರಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ನಮ್ಮನೆಯವ್ರದ್ದು ಬ್ಯಾಂಕ್ ಕೆಲಸ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಲ್ಲಿ ನಗರ ಅನ್ನೋ ಊರಿಂದ ಇನ್ನೂ ಒಳಗಿರೋ ಒಂದು ಹಳ್ಳಿ ಬ್ರಾಂಚ್‌ಗೆ ಹಾಕಿದ್ರು, ನಾನೂ ಮಗಳೂ ಜೊತೆಗೇ ಬಂದ್ವಿ. ಬಾಡಿಗೆಗೆ ಸಿಕ್ಕಿದ್ದು ಹಳೇ ಹಂಚಿನ ಮನೆ, ಜಂಬಿಟ್ಟಿಗೆ ಗೋಡೆ, ಎದುರಿಗೆ ಅಡಿಕೆ ತೋಟ, ಹಿಂದೆ ಬಚ್ಚಲುಮನೆ, ಅದಕ್ಕೆ ಅಂಟಿಕೊಂಡ ಹಾಗೆ ಸೌದೆ ಕೊಟ್ಟಿಗೆ, ಅಲ್ಲಿಂದಾಚೆ ಕಾಡೇ.

ಬರೋ ಮುಂಚೆ ಎಲ್ಲರೂ ಹೆದರಿಸಿದ್ದು ಮಳೆ ವಿಷಯಕ್ಕೆ. ಹೆದರೋದೂ ಸಹಜ ಬಿಡಿ, ದಾವಣಗೆರೇಲಿ ವರ್ಷಕ್ಕೆಲ್ಲ ಸೇರಿ 600 ಮಿ.ಮೀ. ಆಸುಪಾಸು ಮಳೆ, ಇಲ್ಲಿ ಆಗುಂಬೆ, ಹುಲಿಕಲ್ ಸಾಲಲ್ಲಿ 7000 ಮಿ.ಮೀ. ದಾಟೋ ವರ್ಷಗಳಿವೆ. ಸಮುದ್ರದಿಂದ ಎದ್ದ ಮೋಡ ಕುಂದಾಪುರ ದಾಟಿ ಬಂದು ಘಟ್ಟಕ್ಕೆ ತಗುಲಿ ಮೇಲೆ ಏರ್ತಾ ತಣ್ಣಗಾಗಿ ಇಲ್ಲೇ ಸುರಿದುಬಿಡುತ್ತೆ, ಶಿವಮೊಗ್ಗ ಪೇಟೆ ಮುಟ್ಟೋಷ್ಟರಲ್ಲಿ ಎಷ್ಟೋ ಹಗುರ ಆಗಿರುತ್ತೆ. ಆದ್ರೆ ಮನೆ ನಡೆಸೋ ಹೆಂಗಸಾಗಿ ನಾನು ಹೇಳೋದು ಏನಂದ್ರೆ, ಮಳೆಗೆ ಕೊಡೆ ಇದೆ, ಹಂಚು ಇದೆ, ಥಂಡಿಗೆ ಏನೂ ಇಲ್ಲ, ಅದಕ್ಕೆ ನಾವೇ ದಾರಿ ಮಾಡ್ಕೋಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಹಾಸಿಗೆ, ಬಟ್ಟೆ, ಪುಸ್ತಕ, ಬೇಳೆ, ಉಪ್ಪು ಎಲ್ಲಕ್ಕೂ ಥಂಡಿ ಹಿಡಿಯುತ್ತೆ. ಹಾಗಾಗಿ ಇಲ್ಲಿ ಮನೆ ಹೂಡೋದು ಅಂದ್ರೆ ಅರ್ಧ ಭಾಗ ಒಣಗಿಸೋ ವ್ಯವಸ್ಥೆ ಮಾಡ್ಕೊಳೋದೇ.

ನಾವು ಬಂದಿದ್ದು ಏಪ್ರಿಲ್‌ನಲ್ಲಿ. ಲಾರಿಯಿಂದ ಸಾಮಾನು ಇಳಿಸ್ತಿದ್ವಿ, ಬಿಸಿಲು ಉರೀತಿತ್ತು, ಪಕ್ಕದ ಮನೆ ಅಮ್ಮ ಒಂದು ಚೊಂಬು ಮಜ್ಜಿಗೆ ತಗೊಂಡು ಬಂದ್ರು, ಬಂದವ್ರು ಊರು ಕೇರಿ ವಿಚಾರಿಸೋಕೂ ಮುಂಚೆ ಕೇಳಿದ್ದು "ಸೌದೆಗೆ ಎಂತ ಮಾಡ್ತೀರಿ ಮಾರಾಯ್ತಿ? ರೋಹಿಣಿ ಮಳೆ ಬಿತ್ತು ಅಂದ್ರೆ ಆಮೇಲೆ ಹಸಿ ಸೌದೆ ಊದಿ ಊದಿ ಕಣ್ಣು ಹೋಗ್ತದೆ" ಅಂತ. ಗ್ಯಾಸ್ ಇದೆಯಲ್ಲ ಅಮ್ಮ ಅಂದೆ. "ಗ್ಯಾಸಲ್ಲಿ ಅನ್ನ ಆಗ್ತದೆ, ಬಟ್ಟೆ ಒಣಗ್ತದನಾ?" ಅಂದ್ರು. ಆ ಒಂದು ಪ್ರಶ್ನೆಯಿಂದ್ಲೇ ನನ್ನ ಪೂರ್ತಿ ಪ್ಲಾನ್ ಶುರುವಾಗಿದ್ದು, ಈಗ್ಲೂ ಅವರ ಉಪಕಾರ ನೆನೆಸ್ಕೋತೀನಿ.

ರೋಹಿಣಿ ಮಳೆ ಹುಟ್ಟೋದು ಮೇ 25ರ ಸುಮಾರಿಗೆ, ಮೃಗಶಿರ ಜೂನ್ 7–8ಕ್ಕೆ, ಆರಿದ್ರಾ 21–22ಕ್ಕೆ. ಇಲ್ಲಿಯೋರು ಎಲ್ಲ ಕೆಲಸಕ್ಕೂ ಈ ಲೆಕ್ಕಾನೇ ಹಿಡೀತಾರೆ, ನೀವೂ ಗೋಡೆ ಮೇಲೆ ಒಂದು ಪಂಚಾಂಗದ ಕ್ಯಾಲೆಂಡರ್ ನೇತಾಕ್ಕೊಳಿ. ರೋಹಿಣಿ ಒಳಗೆ ಆಗ್ಬೇಕಾದ ಕೆಲಸ ಅಂತ ನಾವು ಇಟ್ಕೊಂಡಿದ್ದು ಮೊದಲು ಹಂಚು ಕೈಯಾಡಿಸೋದು. ಮಂಗ ಓಡಾಡಿ ಹಂಚು ಸರಿದಿರುತ್ತೆ, ಕೆಲವು ಒಡೆದಿರುತ್ತೆ, ಗಾಳಿಗೆ ಬಿದ್ದ ಎಲೆ ಕಸ ಎಲ್ಲ ಮೂಲೆಯ ಹಂಚಿನ ಸಂದೀಲಿ ಕೂತಿರುತ್ತೆ, ಮಳೆ ನೀರು ಅಲ್ಲಿ ಕಟ್ಟಿಕೊಂಡು ಒಳಗೆ ಇಳಿಯುತ್ತೆ. ಹಾಗಾಗಿ ಕೆಲಸ ಗೊತ್ತಿರೋರ ಕೈಲಿ ಪೂರ್ತಿ ಗುಡಿಸಿ, ಒಡೆದಿದ್ದು ಬದಲಾಯಿಸ್ಬೇಕು, ನಾಲ್ಕೈದು ಹಂಚು ಎಕ್ಸ್‌ಟ್ರಾ ಜಗಲಿ ಮೂಲೇಲಿ ಇಟ್ಕೋಬೇಕು. ಎರಡನೇದು ತಟ್ಟಿ. ಗಾಳಿ ಮಳೆ ಬರೋದು ಪಡುವಣ ಕಡೆಯಿಂದ, ಆ ಕಡೆ ಗೋಡೆಗೆ ಇರಚಲು ಹೊಡೆದ್ರೆ ಜಂಬಿಟ್ಟಿಗೆ ಕಲ್ಲು ತೂತು ತೂತು ಇರೋದ್ರಿಂದ ನೀರು ಕುಡಿದು ಒಳಗಡೆ ಸುಣ್ಣ ಎಲ್ಲ ಉದುರುತ್ತೆ. ಅಡಿಕೆ ಸೋಗೆ (ಅಡಿಕೆ ಮರದ ಗರಿ) ಹೆಣೆದು ದಬ್ಬೆಗೆ (ಸೀಳಿದ ಮರದ ಪಟ್ಟಿ) ಕಟ್ಟಿ ಆ ಗೋಡೆ ಮುಂದೆ ನಿಲ್ಲಿಸ್ತಾರೆ. ಈಗ ಬಹಳ ಜನ ನೀಲಿ ಟಾರ್ಪಾಲ್ ಕಟ್ತಾರೆ, ಬೇಗ ಆಗುತ್ತೆ ನಿಜ, ಆದ್ರೆ ನನಗೆ ಸೋಗೆ ತಟ್ಟೀನೇ ಇಷ್ಟ, ಹಿಂದೆ ಗಾಳಿ ಆಡುತ್ತೆ, ಗೋಡೆ ಬೆವರಲ್ಲ, ರಾತ್ರಿಯೆಲ್ಲ ಪಟಪಟ ಅಂತ ಬಡ್ಕೊಳಲ್ಲ, ಮಳೆಗಾಲ ಮುಗಿದ್ಮೇಲೆ ತೋಟಕ್ಕೆ ಗೊಬ್ಬರ ಆಗುತ್ತೆ.

ಸೌದೆ ವಿಷಯಕ್ಕೆ ಬರ್ತೀನಿ. ಮನೆ ಮಾಲೀಕರ ತೋಟದ್ದೇ ಬಿದ್ದ ಮರ, ಕಡಿದ ರೆಂಬೆ ಇತ್ತು, ಕೂಲಿ ಕೊಟ್ಟು ಸೀಳಿಸಿದ್ವಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕೊಟ್ಟಿಗೇಲಿ ಒಟ್ಟೋದು, ಕೆಳಗೆ ಎರಡು ಅಡಿಕೆ ಮರದ ತುಂಡು ಅಡ್ಡ ಹಾಕಿ ನೆಲದಿಂದ ಮೇಲೆ ಎತ್ತಿ ಒಟ್ಬೇಕು, ಇಲ್ಲಾಂದ್ರೆ ಕೆಳಗಿನ ಸಾಲು ಗೆದ್ದಲಿಗೆ. ಸಪೂರದ್ದು ಒಂದು ಕಡೆ, ಸೀಳು ಒಂದು ಕಡೆ, ದಪ್ಪ ಕುಂಟೆ (ಮರದ ತುಂಡು) ಒಂದು ಕಡೆ. ಇದರ ಜೊತೆಗೆ ಗೋಣಿಚೀಲದಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಗರಟೆ. ಇವು ಮೂರು ಇಲ್ದೆ ಜುಲೈನಲ್ಲಿ ಬೆಂಕಿ ಹತ್ಸೋಕೆ ಕೂತ್ರೆ ಅರ್ಧ ಬೆಂಕಿಪೊಟ್ಟಣ ಖರ್ಚಾಗುತ್ತೆ.

ಈಗ ಬಚ್ಚಲ ಒಲೆ. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರೆ ಬಯಲುಸೀಮೆಯಿಂದ ಬಂದೋರು ಗೀಸರ್ ಹಾಕಿಸ್ಕೊಂಡು ಬಚ್ಚಲ ಒಲೆಗೆ ಸಾಮಾನು ತುಂಬಿಟ್ಟಿರೋದನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ನಮ್ಮನೇಲಿ ಇರೋದು ತಾಮ್ರದ ಹಂಡೆ, ಒಲೆ ಜೊತೇಲೇ ಕಟ್ಟಿರೋದು. ಸಂಜೆ ಬೂದಿ ತೆಗೆದು ಒಂದು ಹಿಡಿ ಅಡಿಕೆ ಸಿಪ್ಪೆ, ಅದರ ಮೇಲೆ ಒಣ ಸೋಗೆ ಕಡ್ಡಿ, ಎರಡು ಗರಟೆ ಕವುಚಿ ಇಟ್ಟು ಕಡ್ಡಿ ಗೀರೋದು. ಗರಟೆಗೆ ಹತ್ತಿಕೊಂಡ್ರೆ ಬೆಂಕಿ ಆರಲ್ಲ, ಆಗ ಸೀಳು ಇಡೋದು. ನೀರು ಕಾಯೋಷ್ಟರಲ್ಲಿ ಸೀಳು ಕೆಂಡ ಆಗಿರುತ್ತೆ, ಎಲ್ಲರ ಸ್ನಾನ ಮುಗಿದ ಮೇಲೆ ಒಂದು ದಪ್ಪ ಕುಂಟೆ ಒಳಗೆ ನೂಕಿ ಒಲೆ ಬಾಯಿಗೆ ತಗಡು ಮರೆ ಇಟ್ಟುಬಿಟ್ರೆ ಬೆಳಗಿನ ತನಕ ಕೆಂಡ ಜೀವಂತ ಇರುತ್ತೆ. ಬೆಳಗ್ಗೆ ಬೂದಿ ಕೆದಕಿ ಒಂದು ಹಿಡಿ ಸಿಪ್ಪೆ ಹಾಕಿದ್ರೆ ಮತ್ತೆ ಉರಿ.

ಬಟ್ಟೆ ಒಣಗೋಕೆ ಹಾಕೋದು ಈ ಕೆಂಡದ ಹೊತ್ತಲ್ಲಿ. ಉರಿ ಇರೋವಾಗ ಹಾಕಿದ್ರೆ ಹೊಗೆ ವಾಸನೆ ಹಿಡಿದು ಸ್ಕೂಲಲ್ಲಿ ಮಕ್ಕಳಿಗೆ ಮುಜುಗರ ಆಗುತ್ತೆ, ಹೊಗೆ ಅಡಗಿ ಬರೀ ಕಾವು ಉಳಿದಾಗ ಹಾಕಿದ್ರೆ ವಾಸನೆ ಬರಲ್ಲ. ಒಗೆದಿದ್ದನ್ನ ಮೊದಲು ಹಗಲೆಲ್ಲ ಜಗಲೀಲಿ ನೀರು ಬಸಿಯೋಕೆ ಬಿಡ್ತೀನಿ, ಸಂಜೆ ಬಚ್ಚಲಿಗೆ ಸಾಗಿಸ್ತೀನಿ. ಹಂಚಿನ ಕೆಳಗೆ ಎತ್ತರದ ಹಗ್ಗಕ್ಕೆ ಬೆಡ್‌ಶೀಟು, ಪ್ಯಾಂಟು, ಅದರ ಕೆಳಗಿನ ಹಗ್ಗಕ್ಕೆ ಶರ್ಟು, ಚೂಡಿದಾರ, ಮಗಳ ಸಾಕ್ಸು ಮಾತ್ರ ಹಂಡೆ ಮುಚ್ಚಳದ ಮೇಲೆ ಅಗಲ ಮಾಡಿ ಇಡೋದು, ಊಟ ಮುಗಿಸಿ ಬಂದು ಮಗುಚಿ ಹಾಕಿದ್ರೆ ಬೆಳಗ್ಗೆ ಗರಿಗರಿ. ತೀರಾ ಅರ್ಜೆಂಟ್ ಇದ್ದಾಗ ಬಾಣಲೇಲಿ ಕೆಂಡ ತೆಗೆದು ಅದರ ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿ ಬಟ್ಟೆ ಹೊದೆಸೋದು, ಎಳೇ ಮಗು ಇರೋ ಮನೇಲಿ ಇದೇ ದಾರಿ, ಆದ್ರೆ ಪಕ್ಕದಲ್ಲೇ ಕೂತಿರ್ಬೇಕು, ನೈಲಾನ್ ಬಟ್ಟೆ ಅಂತೂ ಬೇಡವೇ ಬೇಡ. ಯೂನಿಫಾರ್ಮ್ ಎರಡು ಜೊತೆ ಸಾಲಲ್ಲ, ಮೂರು ಹೊಲಿಸಿ.

ಬಟ್ಟೆ ಅಲ್ಲದೆ ಉಳಿದಿದ್ದೂ ಈ ಕಾವಿನ ಆಸರೆಯಲ್ಲೇ ಬದುಕ್ಬೇಕು. ಬಚ್ಚಲ ಪಕ್ಕದ ಗೋಡೆ ಅಡುಗೆಮನೆಯದ್ದು, ಆ ಗೋಡೆ ಯಾವಾಗ್ಲೂ ಬೆಚ್ಚಗಿರುತ್ತೆ. ದಿನಸಿ ಡಬ್ಬ, ಹಪ್ಪಳದ ಡಬ್ಬ, ಬೆಂಕಿಪೊಟ್ಟಣ, ನಮ್ಮ ಊರಿಂದ ತಂದ ಮಂಡಕ್ಕಿ ಎಲ್ಲ ಆ ಗೋಡೆ ಸಾಲಿಗೇ ಜೋಡಿಸಿದೀನಿ. ಆದ್ರೂ ಮಂಡಕ್ಕಿ ಮೆತ್ತಗಾಗುತ್ತೆ, ಬಾಣಲೇಲಿ ಬೆಚ್ಚಗೆ ಮಾಡಿ ಒಗ್ಗರಣೆ ಹಾಕೋದು ಅಷ್ಟೆ. ಜೋಳದ ಹಿಟ್ಟು ಜಾಸ್ತಿ ಬೀಸಿಸಿ ಇಡ್ಬೇಡಿ, ಮುಗ್ಗಲು ಬರುತ್ತೆ, ಕಾಳು ಇಟ್ಕೊಂಡು ಬೇಕಾದಷ್ಟೇ ಬೀಸಿಸಿ. ಕಲ್ಲುಪ್ಪು ಪಿಂಗಾಣಿ ಭರಣೀಲಿ. ಪುಸ್ತಕದ ಕಪಾಟಿನ ಕೆಳಗಿನ ಅರೇಲಿ ಹಳೇ ಕಾಲದ ಬಲ್ಬು ಒಂದು ಉರಿಸ್ತೀನಿ, ಬೂಷ್ಟು ಹಿಡಿಯೋದು ಎಷ್ಟೋ ಕಡಿಮೆ. ರೇಷ್ಮೆ ಸೀರೆಗಳನ್ನ ಮೇ ತಿಂಗಳಲ್ಲೇ ತವರಿಗೆ ಸಾಗಿಸಿ ನವರಾತ್ರಿಗೆ ವಾಪಸ್ ತರ್ತೀನಿ. ಚರ್ಮದ ಬ್ಯಾಗು, ಬೆಲ್ಟು ಹೊರಗಡೆ ಗಾಳಿ ಆಡೋ ಕಡೆ ನೇತಾಕಿದ್ರೇ ವಾಸಿ, ಬೀರುವಲ್ಲಿ ಇಟ್ರೆ ಹಸಿರು ಬೆಳೆಯುತ್ತೆ.

ತರಕಾರಿ ಮಳೆಗಾಲಕ್ಕೆ ಪೇಟೆಯಿಂದ ಬರೋದು ಅಷ್ಟಕ್ಕಷ್ಟೆ. ಇಲ್ಲಿಯ ಹೆಂಗಸರು ಮೇ ತಿಂಗಳಲ್ಲೇ ಹಲಸಿನ ಹಪ್ಪಳ, ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಮುರುಗಲು ಎಲ್ಲ ಮಾಡಿಡ್ತಾರೆ, ಪಕ್ಕದ ಮನೆ ಅಮ್ಮನ ಅಂಗಳದಲ್ಲಿ ಹಪ್ಪಳ ಹಚ್ಚೋಕೆ ಹೋಗಿ ಹೋಗಿ ನನಗೂ ಕೈ ಕೂತಿದೆ. ಮಳೆ ಹಿಡಿದ ಮೇಲೆ ಕಳಲೆ, ಕೆಸವಿನ ಎಲೆ, ಒಂದೆಲಗ ಹಿತ್ತಲಲ್ಲೇ ಸಿಗುತ್ತೆ. ಕಳಲೆ ಹೆಚ್ಚಿ ದಿನಾ ನೀರು ಬದಲಾಯಿಸ್ತಾ ನೆನೆಸಿಟ್ಟು ಆಮೇಲೆ ಬೇಯಿಸೋದು, ಅಣಬೆ ಮಾತ್ರ ಗೊತ್ತಿರೋರು ಕೈಯಾರೆ ಕೊಟ್ರೆ ಮಾತ್ರ. ಮೀನು ತಿನ್ನೋರಿಗೆ ಒಂದು ಮಾತು, ಕುಂದಾಪುರ ಕಡೆಯಿಂದ ಘಟ್ಟ ಹತ್ತಿ ಬರೋ ಮೀನಿನ ಗಾಡಿ ಹಾರನ್ ಜೂನ್, ಜುಲೈ ಅಪರೂಪ, ಕರಾವಳೀಲಿ ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟಿಗೆ ನಿಷೇಧ, ಹಾಗಾಗಿ ಒಣಮೀನು ಮೊದಲೇ ತಗೊಂಡಿಡ್ತಾರೆ.

ನೀರಿಗೆ ಇಲ್ಲಿ ತೊಂದರೆ ಇಲ್ಲ ಅಂತ ಹೊರಗಿನೋರು ಅನ್ಕೋತಾರೆ. ನಮ್ಮ ಮನೆಗೆ ಗುಡ್ಡದ ಮೇಲಿನ ಅಬ್ಬಿಯಿಂದ (ಝರಿ) ಪೈಪಲ್ಲಿ ಬರುತ್ತೆ, ಮೋಟಾರ್ ಬೇಕಿಲ್ಲ, ಕರೆಂಟ್ ಬೇಕಿಲ್ಲ, ಅದೊಂದು ಪುಣ್ಯ. ಆದ್ರೆ ಜೋರು ಮಳೇಲಿ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತೆ, ನೀರೂ ಕೆಂಪಗಾಗುತ್ತೆ. ಬಾಯಿಗೆ ಜಾಲರಿ ಕಟ್ಟಿದ್ರೂ ಆಗಾಗ ಹತ್ತಿ ಹೋಗಿ ತೆಗೀಬೇಕು, ಒಬ್ಬರೇ ಹೋಗ್ಬಾರ್ದು, ಕೈಯಲ್ಲಿ ಕತ್ತಿ, ಕಾಲಿಗೆ ಗಂಬೂಟು. ಕುಡಿಯೋಕೆ ಬಾವಿ ನೀರು, ಅದೂ ಕುದಿಸಿ. ಇಲಿ ಜ್ವರ ಮಳೆಗಾಲದಲ್ಲಿ ಇರುತ್ತೆ, ಕಾಲಲ್ಲಿ ಗಾಯ ಇದ್ರೆ ನಿಂತ ನೀರು, ಗದ್ದೆ ಕೆಸರು ತುಳೀಬೇಡಿ.

ಕರೆಂಟು ಹೋದ್ರೆ ಕೆಲವು ಸಲ ದಿನಗಟ್ಟಲೆ ಬರಲ್ಲ, ಗಾಳಿಗೆ ಮರ ಲೈನ್ ಮೇಲೆ ಬಿದ್ದಿರುತ್ತೆ. ಲೈನ್‌ಮ್ಯಾನ್‌ಗಳು ಆ ಮಳೇಲಿ ಕಾಡೊಳಗೆ ಹೋಗಿ ಕಂಬ ಹತ್ತೋದನ್ನ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. ಇನ್ವರ್ಟರ್ ಇದ್ರೂ ಒಂದು ಚಾರ್ಜರ್ ಟಾರ್ಚ್ ಕಡ್ಡಾಯ. ಮೇ ತಿಂಗಳ ಗುಡುಗು ಮಳೇಲಿ ಮೋಡ ಕಟ್ಟಿದ ಕೂಡ್ಲೇ ಟಿವಿ, ಫ್ರಿಜ್, ಇಂಟರ್ನೆಟ್ ಬಾಕ್ಸ್ ಎಲ್ಲದರ ಪ್ಲಗ್ ಕೀಳೋದು, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.

ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಹೆದರ್ಬೇಡಿ. ಕಚ್ಚಿದ್ದು ಗೊತ್ತೇ ಆಗಲ್ಲ, ರಕ್ತ ನೋಡಿದ್ಮೇಲೇ ಗೊತ್ತಾಗೋದು. ಜಗಲೀಲಿ ಸುಣ್ಣದ ಡಬ್ಬಿ ಇಟ್ಟಿರಿ, ಹಚ್ಚಿದ ಕೂಡ್ಲೇ ಬಿಡುತ್ತೆ, ಆಮೇಲೆ ತುರಿಸ್ಬೇಡಿ. ಅಂಗಳದ ಪಾಚಿ ಅದಕ್ಕಿಂತ ಅಪಾಯ, ವಯಸ್ಸಾದೋರು ಜಾರಿ ಬಿದ್ದು ಸೊಂಟ ಮುರ್ಕೊಳೋದು ಪ್ರತಿ ಮಳೆಗಾಲ ಕೇಳ್ತೀವಿ. ಮನೆಯಿಂದ ಬಾವಿಗೆ, ಬಾವಿಯಿಂದ ಬಚ್ಚಲಿಗೆ ನಡೆಯೋ ದಾರಿಗೆ ಅಡಿಕೆ ಸೋಗೆ ಹಾಸಿ, ಕೊಳೆತಂತೆ ಹೊಸದು ಹಾಸಿ.

ಬೇಸಿಗೇಲಿ ಎಚ್ಚರ ಇರ್ಬೇಕಾದ್ದು ಮಂಗನ ಕಾಯಿಲೆಗೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾಗಿದ್ದು, ಹಾಗಾಗೇ ಕ್ಯಾಸನೂರು ಕಾಡಿನ ಕಾಯಿಲೆ ಅಂತಾರೆ. ಉಣ್ಣೆ ಹುಳ ಕಚ್ಚಿ ಬರುತ್ತೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಕಾಡಿಗೆ ಹೋಗೋ ಮುಂಚೆ ಆರೋಗ್ಯ ಇಲಾಖೆಯೋರು ಕೊಡೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡ್ರೆ ಹತ್ತಿರ ಹೋಗ್ದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ಹೇಳಿ. ಜ್ವರ ಬಂದ್ರೆ ಮನೇಲಿ ಮಾತ್ರೆ ನುಂಗಿ ಕೂರ್ಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಬಾಡಿಗೆ ಮನೆ ನೋಡೋಕೆ ಬರೋರು ಹಾಲ್ ಎಷ್ಟು ದೊಡ್ಡದು, ಟೈಲ್ಸ್ ಇದೆಯಾ ಅಂತ ನೋಡೋ ಮುಂಚೆ ಸೀದಾ ಹಿಂದೆ ಹೋಗಿ ಬಚ್ಚಲು ನೋಡಿ. ಒಲೆ ಹೊಗೆ ಹೋಗೋಕೆ ದಾರಿ ಇದೆಯಾ, ಹಂಡೆ ಸೋರ್ತಿದೆಯಾ, ಮೇಲೆ ಹಗ್ಗ ಕಟ್ಟೋಕೆ ತೊಲೆ ಸಿಗುತ್ತಾ, ಸೌದೆ ಕೊಟ್ಟಿಗೆಯಿಂದ ಬಚ್ಚಲಿಗೆ ನೆನೀದೆ ಹೋಗ್ಬಹುದಾ. ಗೋಡೆ ಬುಡದಿಂದ ಮಂಡಿ ಎತ್ತರದ ತನಕ ಸುಣ್ಣ ಎದ್ದಿದ್ರೆ ಆ ರೂಮಲ್ಲಿ ಮಕ್ಕಳನ್ನ ಮಲಗಿಸ್ಬೇಡಿ. ಹಂಚು ಕೈಯಾಡಿಸೋ ಕೂಲಿ, ತಟ್ಟಿ ಖರ್ಚು ಮಾಲೀಕರದ್ದಾ ನಿಮ್ಮದಾ ಅಂತ ಮೊದಲೇ ಮಾತಾಡ್ಕೊಳಿ. ಸೌದೆ ಅವರ ತೋಟದಿಂದ ಕೊಡೋದಾದ್ರೆ ಜನವರೀಲೇ ಹೇಳಿಡಿ, ಅಡಿಕೆ ಕೊಯ್ಲಿನ ಗಡಿಬಿಡೀಲಿ ಆಳು ಸಿಗೋದು ಕಷ್ಟ. ಅಕ್ಕಪಕ್ಕ ಮನೆ ಎಷ್ಟು ದೂರ ಇದೆ ಅಂತಾನೂ ನೋಡ್ಕೊಳಿ, ಕೂಗಿದ್ರೆ ಕೇಳೋಷ್ಟು ಹತ್ತಿರ ಒಂದು ಮನೆ ಇದ್ರೆ ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ ಒಪ್ಕೊಳಿ.