ಪೋಕರನ್ನೇ ಕಸುಬು ಮಾಡಿಕೊಳ್ಳುವ ಮುನ್ನ ಯಾರ ಮಾತು ಕೇಳಬೇಕು?

ನಮ್ಮಕ್ಕನ ಮಗ ಕೆಲಸ ಬಿಟ್ಟು ಪೋಕರ್ ಆಡ್ತೀನಿ ಅಂತ ಹೊರಟಿದ್ದ. ಅವನಿಗೆ ಸಲಹೆ ಕೊಟ್ಟವರು ನಾಲ್ಕು ಜನ. ಒಬ್ಬ ಕೋರ್ಸ್ ಮಾರುವವನು. ಇನ್ನೊಬ್ಬ ಆಟಕ್ಕೆ ಜನ ಕರೆತಂದು ಕಮಿಷನ್ ಎಣಿಸುವವನು. ಮತ್ತೊಬ್ಬ ಮೂರು ತಿಂಗಳಿಂದ ಗೆಲ್ಲುತ್ತಿದ್ದವನು. ನಾಲ್ಕನೆಯವರು ನಮ್ಮಕ್ಕ. ಅಕ್ಕನಿಗೆ ಇಸ್ಪೀಟೆಂದರೇ ಆಗದು, ಹಾಗಾಗಿ ಆ ಮಾತು ಲೆಕ್ಕಕ್ಕೇ ಬರಲಿಲ್ಲ. ಉಳಿದ ಮೂವರಲ್ಲಿ ಒಬ್ಬರೂ ಲೆಕ್ಕದ ಪುಸ್ತಕ ತೋರಿಸಿರಲಿಲ್ಲ.

ಹೆಜ್ಜೆ 1: ತಾರೀಖು ನೋಡಿ

2025ರ ಆಗಸ್ಟ್‌ಗೂ ಹಿಂದಿನ ಸಲಹೆಗಳನ್ನು ಪಕ್ಕಕ್ಕಿಡಿ. ಆ ತಿಂಗಳು ಸಂಸತ್ತು ಪಾಸು ಮಾಡಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೂ ಅದು ಇಟ್ಟುಕೊಂಡಿಲ್ಲ. ಈಗಲೂ ಯಾರಾದರೂ ವಿದೇಶಿ ಆ್ಯಪ್ ತೋರಿಸಿ "ಮನೇಲೇ ಕೂತು ಆಡಬಹುದು" ಎಂದರೆ ಕಾಫಿ ಕುಡಿದು ಎದ್ದು ಬನ್ನಿ. ಗೋವಾದ ಕ್ಯಾಸಿನೊಗಳಂಥ ಕಡೆ ಎದುರಾಎದುರು ಕೂತು ಆಡುವ ಆಟದ ಬಗ್ಗೆ ಮಾತ್ರ ಮುಂದಿನ ಮಾತು.

ಹೆಜ್ಜೆ 2: ಅವರ ಹೊಟ್ಟೆಪಾಡು ಕೇಳಿ

ನೇರವಾಗಿ ಕೇಳಿ: "ಹೋದ ತಿಂಗಳ ಮನೆ ಬಾಡಿಗೆ ಕಟ್ಟಿದ್ದು ಯಾವ ದುಡ್ಡಲ್ಲಿ?" ಕೋರ್ಸ್ ಫೀಯಲ್ಲಿ ಎಂದಾದರೆ ಅವರು ಮೇಷ್ಟ್ರು, ಆಟಗಾರರಲ್ಲ. ನೀವು ಬಂದು ಕೂತರೆ ಅವರಿಗೆ ಕಮಿಷನ್ ಬರುತ್ತದೆ ಎಂದಾದರೆ ಅದು ಸಲಹೆಯೇ ಅಲ್ಲ. ನಾನೂ ಒಮ್ಮೆ ಒಂದು ಕೋರ್ಸಿಗೆ ದುಡ್ಡು ಸುರಿದಿದ್ದೆ. ಇಪ್ಪತ್ತು ವಿಡಿಯೊ ನೋಡಿ ಮುಗಿಸಿದಾಗ ಸಿಕ್ಕಿದ್ದು "ಅಡ್ವಾನ್ಸ್ಡ್" ಕೋರ್ಸಿನ ಬೆಲೆಪಟ್ಟಿ.

ಹೆಜ್ಜೆ 3: ಲೆಕ್ಕ ಓದಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಗೆದ್ದ ಚಿಪ್ಸ್, ಅಂದರೆ ದುಡ್ಡಿನ ಬದಲು ಟೇಬಲ್ಲಿನ ಮೇಲಿಡುವ ಬಿಲ್ಲೆಗಳ ರಾಶಿಯ ಫೋಟೊ ಲೆಕ್ಕವಲ್ಲ. ಟೂರ್ನಿ ಆಡುವವರು ಹೆಂಡನ್ ಮಾಬ್ ಎಂಬ ಜಾಲತಾಣದಲ್ಲಿ ತಮ್ಮ ಹೆಸರಿನ ಮುಂದಿರುವ ಮೊತ್ತ ತೋರಿಸುತ್ತಾರೆ. ಅಲ್ಲಿರುವುದು ಬಂದ ಬಹುಮಾನ ಮಾತ್ರ, ಕಟ್ಟಿದ ಪ್ರವೇಶಧನ ಅದರಲ್ಲಿ ಕಳೆದಿರುವುದಿಲ್ಲ. ಹತ್ತು ಲಕ್ಷ ಗೆದ್ದವನು ಹನ್ನೆರಡು ಲಕ್ಷ ಕಟ್ಟಿರಬಹುದು, ಅಲ್ವಾ? ಕಟ್ಟಿದ್ದು ಯಾರ ದುಡ್ಡು ಎಂದೂ ಕೇಳಿ. ಇನ್ನೊಬ್ಬರು ಬಂಡವಾಳ ಹಾಕಿದ್ದರೆ ಗೆಲುವಿನಲ್ಲಿ ಅವರಿಗೂ ಪಾಲು ಹೋಗುತ್ತದೆ.

ಟೂರ್ನಿಯಲ್ಲದೆ ನೇರವಾಗಿ ದುಡ್ಡು ಹಾಕಿ ಕೂರುವ ಕ್ಯಾಶ್ ಆಟದವರ ಹತ್ತಿರ ನೋಟ್‌ಬುಕ್ ಕೇಳಿ. ಆ್ಯಪ್ ಬೇಡ, ಆ್ಯಪಿನಲ್ಲಿ ಬೇಡದ ದಿನವನ್ನು ಬೆರಳಲ್ಲಿ ಒರೆಸಿಬಿಡಬಹುದು. ಒಂದೊಂದು ದಿನಕ್ಕೂ ಎಷ್ಟು ಗಂಟೆ ಆಟ, ಎಷ್ಟು ಹಾಕಿ ಕೂತದ್ದು, ಸೋತ ಮೇಲೆ ಮತ್ತೆ ಎಷ್ಟು ಹಾಕಿದ್ದು, ಏಳುವಾಗ ಕೈಯಲ್ಲಿ ಎಷ್ಟು, ಎಲೆ ಹಂಚುವವರಿಗೆ ಎಷ್ಟು ಟಿಪ್ಸ್ ಎಂಬುದು ಇರಬೇಕು. ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಶನಿವಾರಗಳೆಲ್ಲ ಇದ್ದವು, ಭಾನುವಾರಗಳು ಮಾತ್ರ ಮಾಯ. ಕೇಳಿದರೆ, "ಮಾಮ, ಅವತ್ತು ಸುಮ್ನೆ ಟೈಮ್‌ಪಾಸ್‌ಗೆ ಆಡಿದ್ದು" ಎಂದ.

ಲೆಕ್ಕ ಪ್ರಾಮಾಣಿಕವಾಗಿದ್ದರೂ ಇನ್ನೊಂದು ಗುಂಡಿ ಇದೆ. ಪೋಕರ್‌ನಲ್ಲಿ ಲಾಭ ಅಳೆಯುವುದು ಬಿಗ್ ಬ್ಲೈಂಡ್‌ನಲ್ಲಿ, ಅಂದರೆ ಎಲೆ ನೋಡುವ ಮೊದಲೇ ಒಬ್ಬ ಕಟ್ಟಬೇಕಾದ ಹಣದಲ್ಲಿ. ಅದು 100 ರೂಪಾಯಿ ಎಂದುಕೊಳ್ಳಿ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬಷ್ಟೇ ಆಟ ಬರುವವನು 10,000 ಸಲ ಎಲೆ ಹಾಕಿಸಿಕೊಂಡರೆ, ಬರೀ ಅದೃಷ್ಟದಿಂದ ಸುಮಾರು 900 ಬ್ಲೈಂಡ್‌ನಷ್ಟು ಮೇಲೆ ಕೆಳಗೆ ಹೋಗುವುದು ಮಾಮೂಲು. ಅಂಥ ಆರು ಜನರಲ್ಲಿ ಒಬ್ಬ 90,000 ರೂಪಾಯಿಗೂ ಜಾಸ್ತಿ ಗೆದ್ದು ಕೂತಿರುತ್ತಾನೆ. ನಿಮಗೆ ಸಲಹೆ ಕೊಡಲು ಬರುವವನು ಅವನೇ. ಸೋತವನು ಮನೆಯಲ್ಲಿರುತ್ತಾನೆ.

ಎದುರಾಎದುರು ಟೇಬಲ್ಲಿನಲ್ಲಿ ಗಂಟೆಗೆ ಸುಮಾರು 30 ಆಟ ಆಗುತ್ತದೆ, ಅಂದರೆ 30 ಸಲ ಎಲೆ ಹಾಕುತ್ತಾರೆ. ವಾರಕ್ಕೆ 25 ಗಂಟೆ ಆಡಿದರೂ 10,000 ಆಟಕ್ಕೆ ಮೂರು ತಿಂಗಳು ಬೇಕು. ಮೂರು ತಿಂಗಳ ಗೆಲುವಿನಿಂದ ಏನೂ ತಿಳಿಯದು ಎನ್ನುವುದು ಇದಕ್ಕೇ. ಒಂದು ಲಕ್ಷ ಆಟದ ಲೆಕ್ಕ ಇದ್ದರೆ ನಾನು ಕಿವಿಗೊಡುತ್ತೇನೆ. ಅಂದರೆ ಎರಡೂವರೆ ವರ್ಷ.

2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರಿನ ಅರ್ಹತಾ ಆಟದಿಂದ ಹೊರಟು, ವಿಶ್ವ ಪೋಕರ್ ಸರಣಿಯ ಮುಖ್ಯ ಟೂರ್ನಿ ಗೆದ್ದು 25 ಲಕ್ಷ ಡಾಲರ್ ತಂದರು. ಕೋರ್ಸ್ ಮಾರುವವರ ಬಾಯಲ್ಲಿ ಈ ಕಥೆ ಇದ್ದೇ ಇರುತ್ತದೆ. ಆ ಸಲ ಆಡಿದವರು 839 ಜನ. ಉಳಿದ 838 ಜನರ ಸಲಹೆಯನ್ನು ಯಾರೂ ಕೇಳಲಿಲ್ಲ.

ಹೆಜ್ಜೆ 4: ಬಿಟ್ಟವರನ್ನು ಹುಡುಕಿ

ಮೂರ್ನಾಲ್ಕು ವರ್ಷ ಆಡಿ, ಸಾಲ ಮಾಡಿಕೊಳ್ಳದೆ ಬಿಟ್ಟವರು ಸಿಕ್ಕರೆ ಒಂದು ಸಂಜೆ ಪೂರ್ತಿ ಕೂತು ಮಾತಾಡಿ. ಅವರಿಗೆ ಮಾರಲು ಏನೂ ಇರುವುದಿಲ್ಲ. ಸಾಧ್ಯವಾದರೆ ಅವರ ಹೆಂಡತಿ ಹತ್ತಿರವೂ ಮಾತಾಡಿ, ಸತತವಾಗಿ ಸೋತ ತಿಂಗಳುಗಳ ತಾರೀಖು ಅವರಿಗೇ ಚೆನ್ನಾಗಿ ನೆನಪಿರುತ್ತದೆ.

ಹೆಜ್ಜೆ 5: ಆಡಿಟರ್

ಇಸ್ಪೀಟಿನಲ್ಲಿ ಗೆದ್ದ ಹಣಕ್ಕೆ 30% ತೆರಿಗೆ, ಮೇಲೆ ಸೆಸ್. ಗೋವಾದ ಬಸ್ ಚಾರ್ಜು, ರೂಮ್ ಬಾಡಿಗೆ, ಕೋರ್ಸ್ ಫೀ ಯಾವುದನ್ನೂ ಅದರಲ್ಲಿ ಕಳೆಯಲು ಬಿಡುವುದಿಲ್ಲ. ಸೋತದ್ದನ್ನು ಸಂಬಳದಲ್ಲಿ ತೋರಿಸಿ ತೆರಿಗೆ ಇಳಿಸಿಕೊಳ್ಳುವಂತೆಯೂ ಇಲ್ಲ. ಈ ಮಾತನ್ನು ತಾನಾಗಿಯೇ ಎತ್ತದ ಸಲಹೆಗಾರನನ್ನು ನಾನು ನಂಬುವುದಿಲ್ಲ. ಆಡಿಟರ್ ಹತ್ತಿರ ಫೀ ಕೊಟ್ಟೇ ಕೇಳಿ. ಮದುವೆ ಊಟದ ಪಂಕ್ತಿಯಲ್ಲಿ ಹಿಡಿದು ಕೇಳಿದರೆ "ನೋಡೋಣ ಬಿಡಿ" ಅಂತ ಹೋಳಿಗೆ ಕಡೆ ತಿರುಗುತ್ತಾರೆ.