ಹೆಗಲಿಗೊಂದು ಭುಜಕೀರ್ತಿ, ಬೇಡವಾದಾಗ ಡಬ್ಬಿಗೆ

ಭುಜದ ಅಲಂಕಾರ ಮಾಡಲು ಹೊರಟವರು ಸಾಮಾನ್ಯವಾಗಿ ಮಣಿ, ಚೈನು, ಚಮ್ಕಿ ಕೊಳ್ಳುವುದರಿಂದ ಶುರು ಮಾಡುತ್ತಾರೆ. ಬಟ್ಟೆಯ ಮೇಲೆ ಅದು ಹೇಗೆ ನಿಲ್ಲಬೇಕು ಅನ್ನುವುದು ನೆನಪಾಗುವುದು ಎಲ್ಲ ಮುಗಿದ ಮೇಲೆ. ಆಗ ಕೈಗೆ ಬರುವುದು ಸೇಫ್ಟಿ ಪಿನ್ನು, ಆಮೇಲೆ ರೇಷ್ಮೆಯಲ್ಲಿ ತೂತು. ನಾನು ಇದನ್ನು ತಿರುಗಿಸಿ ಮಾಡುತ್ತೇನೆ: ಮೊದಲು ತೂಕ ಮತ್ತು ಹಿಡಿತದ ಯೋಚನೆ, ಕೊನೆಗೆ ಅಂದ. ಇಲ್ಲಿ ಬರೆದಿರುವುದು ಕುರ್ತಾ, ಜಾಕೆಟ್, ಲೈನಿಂಗ್ ಇರುವ ರವಿಕೆ ಮೂರಕ್ಕೂ ಹೊಂದುವ, ಬೇಕಾದಾಗ ಹಾಕಿ ಬೇಡವಾದಾಗ ತೆಗೆದಿಡುವ ಒಂದು ಜೋಡಿಯ ಲೆಕ್ಕ. ಆಕಾರ ಹಳೇ ಫೌಜಿನ ಎಪಾಲೆಟ್ಟಿನದು (ಸಮವಸ್ತ್ರದ ಭುಜಪಟ್ಟಿ), ಅಂಚಿಗೆ ಇಳಿಬಿಟ್ಟಿರುವುದು ಸೀರೆ ಸೆರಗಿಗೆ ಹಾಕುವ ರೇಷ್ಮೆ ಕುಚ್ಚು.

ಮೊದಲು ತೂಕದ ಮಾತು, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದರ ಮೇಲೇ ನಿಂತಿವೆ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ತೆಳು ಕಾಟನ್ ಕುರ್ತಾಕ್ಕೆ ಒಂದು ಭುಜಕ್ಕೆ 25 ಗ್ರಾಂ, ಲೈನಿಂಗ್ ಇರುವ ರಾ ಸಿಲ್ಕಿಗೆ 40, ಡೆನಿಮ್ ಅಥವಾ ಬ್ಲೇಜರಿಗೆ 70. ಇದು ನಾನು ಇಟ್ಟುಕೊಂಡಿರುವ ಮಿತಿ. ಮೀರಿದರೆ ಭುಜದ ಹೊಲಿಗೆ ತೋಳಿನ ಕಡೆಗೆ ಜಾರಿ, ಕುತ್ತಿಗೆಯ ಪಕ್ಕ ಬಟ್ಟೆ ಉಬ್ಬಿ ನಿಲ್ಲುತ್ತದೆ. ಗಾಜಿನ ಕಟ್ ಬೀಡ್ಸ್ ಮತ್ತು ಹಿತ್ತಾಳೆ ಚೈನು ಬೇಗ ತೂಕ ಏರಿಸುತ್ತವೆ. ಚೈನೇ ಬೇಕೆಂದರೆ ಅಲ್ಯೂಮಿನಿಯಂನದು ತನ್ನಿ, ನೋಡಲು ಅಷ್ಟೇ ದಪ್ಪ, ಕೈಗೆ ಹಗುರ. ರೇಷ್ಮೆ ಕುಚ್ಚು ತುಂಬಿಕೊಂಡಂತೆ ಕಂಡರೂ ಒಂದು ಭುಜದ ಹನ್ನೊಂದು ಕುಚ್ಚು ಸೇರಿ ಐದಾರು ಗ್ರಾಂ ಅಷ್ಟೆ. ನಾನು ಚೈನು ಬಿಟ್ಟು ಕುಚ್ಚಿಗೆ ಬಂದಿರುವುದು ಇದೇ ಕಾರಣಕ್ಕೆ.

70 ಗ್ರಾಂ ದಾಟುವ ಭಾರೀ ಅಲಂಕಾರ ಬೇಕಿದ್ದರೆ ಉಡುಪಿಗೆ ಸಿಕ್ಕಿಸುವ ಯೋಚನೆಯನ್ನೇ ಬಿಡಬೇಕು. ಯಕ್ಷಗಾನದ ಭುಜಕೀರ್ತಿ ನೋಡಿ: ಹಗುರ ಮರದಲ್ಲಿ ಕೆತ್ತಿ, ಬಂಗಾರದ ಬಣ್ಣದ ಬೇಗಡೆ ಹಾಳೆ ಅಂಟಿಸಿದ ಆಭರಣ. ಅದನ್ನು ಅಂಗಿಗೆ ಹೊಲಿಯುವುದಿಲ್ಲ, ದಾರದಿಂದ ವೇಷಧಾರಿಯ ಮೈಗೆ ಬಿಗಿಯುತ್ತಾರೆ. ಭಾರ ಹೊರುವುದು ಮೈ, ಬಟ್ಟೆಯಲ್ಲ. ಅಷ್ಟು ಕುಣಿತಕ್ಕೂ ಅದು ಜಾರದಿರುವುದರ ಗುಟ್ಟು ಅಲ್ಲಿದೆ.

ಇನ್ನು ಅಳತೆ. ಕುರ್ತಾದ ಭುಜದ ಹೊಲಿಗೆ ಕುತ್ತಿಗೆಯಿಂದ ತೋಳಿನವರೆಗೆ 5 ಇಂಚು ಇದೆ ಎಂದುಕೊಳ್ಳಿ. ಕುತ್ತಿಗೆಯ ಕಡೆ ಅರ್ಧ ಇಂಚು ಖಾಲಿ ಬಿಟ್ಟು, ತೋಳಿನ ಕಡೆ ಒಂದು ಇಂಚು ಆಚೆ ಚಾಚಿದರೆ ಒಟ್ಟು ಉದ್ದ ಐದೂವರೆ ಇಂಚು. ಹೊರತುದಿಗೆ ಮೂರೂವರೆ ಇಂಚು ಅಡ್ಡಳತೆಯ ವೃತ್ತ, ಅದಕ್ಕೆ ಅಂಟಿಕೊಂಡಂತೆ ಕುತ್ತಿಗೆಯ ಕಡೆಗೆ 2 ಇಂಚು ಉದ್ದ, ಒಂದೂಮುಕ್ಕಾಲು ಇಂಚು ಅಗಲದ ಪಟ್ಟಿ. ಅನ್ನ ಬಡಿಸುವ ಚಪ್ಪಟೆ ಕೈ ಇರುತ್ತದಲ್ಲ, ಹಾಗೆ. ಕ್ಯಾಲೆಂಡರ್ ರಟ್ಟಿನಲ್ಲಿ ಕತ್ತರಿಸಿ ಹೆಗಲ ಮೇಲಿಟ್ಟು ಕನ್ನಡಿ ನೋಡಿ, ಕೈ ಎತ್ತಿ ನೋಡಿ. ರಟ್ಟು ಕೆನ್ನೆಗೆ ತಾಕಿದರೆ ಉದ್ದ ಹೆಚ್ಚಾಯಿತು.

ಒಂದು ಭುಜದ ಒಳಗಿನ ಪದರಕ್ಕೆ ಗಟ್ಟಿ ಬಕ್ರಮ್ (ಕಾಲರಿನೊಳಗೆ ಹಾಕುವಂಥ ಬಿರುಸು ಬಟ್ಟೆ) ಎರಡು ತುಂಡು, 2 ಮಿಲಿಮೀಟರ್ ಫೆಲ್ಟ್ ಒಂದು ತುಂಡು. ಬಕ್ರಮ್ ಸರಿಯಾಗಿ ರಟ್ಟಿನ ಅಳತೆಗೆ, ಫೆಲ್ಟ್ ಸುತ್ತಲೂ ಅರೆಕಾಲು ಇಂಚು ಚಿಕ್ಕದು. ಇಲ್ಲದಿದ್ದರೆ ಅಂಚು ದಪ್ಪಗಾಗಿ ಚಪಾತಿ ಅಂಚಿನಂತೆ ಕಾಣುತ್ತದೆ. ಬಕ್ರಮ್ ಕೊಳ್ಳುವಾಗ ಮೂಲೆಗೆ ಒಂದು ಹನಿ ನೀರು ಹಾಕಿ ಬೆರಳಲ್ಲಿ ಉಜ್ಜಿ. ಗಂಜಿಯಂತೆ ಅಂಟಿದರೆ ಅದು ಬರೀ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆ. ಒಂದು ಮದುವೆಯ ಬೆವರಿಗೇ ಹಪ್ಪಳ ನೆನೆದಂತೆ ಮೆತ್ತಗಾಗುತ್ತದೆ.

ಈ ಕೆಲಸದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಬಾಗಿಸುವುದು. ಹೆಗಲು ಮುಂದಿನಿಂದ ಹಿಂದಕ್ಕೆ ದುಂಡಗಿದೆ. ಅದರ ಮೇಲೆ ಚಪ್ಪಟೆ ತುಂಡು ಇಟ್ಟರೆ ಮಣೆ ಇಟ್ಟಂತೆ ಎರಡೂ ಕಡೆ ಎದ್ದು ನಿಲ್ಲುತ್ತದೆ. ಎಷ್ಟು ಗಟ್ಟಿ ಬಟನ್ ಹಾಕಿದರೂ ಆ ಕೆಳಗಿನ ಸಂದು ಮುಚ್ಚುವುದಿಲ್ಲ. ಹಾಗಾಗಿ 4 ಇಂಚು ಅಡ್ಡಳತೆಯ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಕಾಫಿಪುಡಿ ಡಬ್ಬಿ ಸರಿಹೋಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೊದಲ ಬಕ್ರಮ್ಮನ್ನು ಅದರ ಮೇಲೆ ಬಾಗಿಸಿ, ಫ್ಯಾಬ್ರಿಕ್ ಗ್ಲೂ ತೆಳ್ಳಗೆ ಸವರಿ, ಎರಡನೆಯದನ್ನು ಮೇಲೆ ಕೂರಿಸಿ. ತುಂಡಿನ ಉದ್ದ ಡಬ್ಬಿಯ ಎತ್ತರದ ದಿಕ್ಕಿಗೆ ಇರಲಿ, ಅಗಲ ಮಾತ್ರ ಸುತ್ತಿಕೊಳ್ಳಲಿ. ಹಳೇ ದುಪಟ್ಟದ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಅದು ಹೆಂಚಿನಂತೆ ಬಾಗಿಯೇ ಇರುತ್ತದೆ. ಒಂದೇ ದಪ್ಪ ತುಂಡನ್ನು ಬಾಗಿಸಿದರೆ ಮರುಗಳಿಗೆಯೇ ನೆಟ್ಟಗಾಗುತ್ತದೆ. ಎರಡು ತೆಳು ತುಂಡು ಬಾಗಿದ ಸ್ಥಿತಿಯಲ್ಲೇ ಅಂಟಿಕೊಂಡರೆ ಒಂದರ ಮೇಲೊಂದು ಜಾರಲಾಗದೆ ಆ ಬಾಗನ್ನು ಹಿಡಿದಿಡುತ್ತವೆ. ಬಿಚ್ಚಿದ ಮೇಲೆ ಸ್ವಲ್ಪ ಅಗಲಿಸಿಕೊಳ್ಳುತ್ತದೆ, ಅದಕ್ಕೇ ಹೆಗಲಿಗಿಂತ ಚಿಕ್ಕ ಸುತ್ತಿನ ಡಬ್ಬಿ. ಫೆಲ್ಟನ್ನು ಆಮೇಲೆ ಉಬ್ಬಿದ ಮೈಗೆ ಅಂಟಿಸಿ.

ಮೇಲ್ಬಟ್ಟೆಗೆ ರಾ ಸಿಲ್ಕ್ ಅಥವಾ ವೆಲ್ವೆಟ್. ಮಣಿ, ಜರ್ದೋಸಿ ಕೆಲಸ ಮಾಡುವುದಿದ್ದರೆ ಬಟ್ಟೆ ಕತ್ತರಿಸುವ ಮೊದಲೇ ರಿಂಗಿನಲ್ಲಿ ಬಿಗಿದು ಮುಗಿಸಿ. ರಟ್ಟಿಟ್ಟು ಬರೆದ ಗೆರೆಯಿಂದ ಒಳಕ್ಕೆ ಕಾಲಿಂಚು ಖಾಲಿ ಇರಲಿ, ಅಲ್ಲಿ ಮಣಿ ಇದ್ದರೆ ಅಂಚು ಮಡಿಚುವಾಗ ಸೂಜಿ ಮುರಿಯುತ್ತದೆ. ಎರಡು ತುಂಡೂ ಒಂದೇ ಮುಖವಾಗಿ ಕತ್ತರಿಸುವುದು ಇಲ್ಲಿನ ದೊಡ್ಡ ಎಡವಟ್ಟು. ಆಕಾರ ಎರಡೂ ಕಡೆ ಸಮವಾಗಿದ್ದರೆ ಬಚಾವ್, ಆದರೆ ಬಳ್ಳಿಯೋ ಮಾವಿನಕಾಯಿಯೋ ಇರುವ ಕಸೂತಿಗೆ ರಟ್ಟನ್ನು ಮಗುಚಿ ಎರಡನೆಯದನ್ನು ಬರೆದುಕೊಳ್ಳಲೇಬೇಕು. ವೆಲ್ವೆಟ್ ಆದರೆ ಸವರಿ ನೋಡಿ, ರೋಮ ಮಲಗುವ ದಿಕ್ಕು ಎರಡರಲ್ಲೂ ತೋಳಿನ ಕಡೆಗಿರಲಿ. ತಪ್ಪಿದರೆ ಒಂದು ಕಡುಗೆಂಪು, ಇನ್ನೊಂದು ಮಾಸಿದ ಕೆಂಪು ಕಾಣುತ್ತದೆ, ಬಟ್ಟೆ ಒಂದೇ ಆದರೂ.

ಅರ್ಧ ಇಂಚು ಅಂಚು ಬಿಟ್ಟು ಕತ್ತರಿಸಿ, ಬಾಗಿದ ತಳದ ಮೇಲೆ ಹೊದಿಸಿ, ಅಂಚನ್ನು ಕೆಳಗೆ ಮಡಿಚಿ ಕಚ್ಚಾ ಹೊಲಿಗೆ ಹಾಕಿ. ದುಂಡಗಿನ ಭಾಗದಲ್ಲಿ ಪ್ರತಿ ಕಾಲಿಂಚಿಗೊಂದು ಸಣ್ಣ ತ್ರಿಕೋನ ಕತ್ತರಿಸಿ ತೆಗೆದರೆ ಮಡಿಕೆ ಗುಡ್ಡೆ ಬೀಳುವುದಿಲ್ಲ. ಗೆರೆಗೆ ಅರೆಕಾಲು ಇಂಚು ಇರುವಾಗಲೇ ಕತ್ತರಿ ನಿಲ್ಲಿಸಿ. ಇಲ್ಲಿ ಗ್ಲೂ ಗನ್ ಬೇಡ. ರೇಷ್ಮೆಯ ಮೇಲೆ ಗಂಟುಗಂಟಾಗಿ ಎದ್ದು ಕಾಣುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಮೆದುವಾಗಿ ಬಿಟ್ಟುಕೊಳ್ಳುತ್ತದೆ.

ಕುಚ್ಚು. ವೃತ್ತದ ಹೊರ ಅರ್ಧದ ಅಂಚು ಸುಮಾರು ಐದೂವರೆ ಇಂಚು. ಎರಡು ತುದಿಗೂ ಕಾಲಿಂಚು ಬಿಟ್ಟು, ಅರ್ಧ ಇಂಚಿಗೊಂದರಂತೆ ಹನ್ನೊಂದು ಕುಚ್ಚು ಹಿಡಿಯುತ್ತವೆ. 3 ಇಂಚು ಅಗಲದ ರಟ್ಟಿಗೆ ರೇಷ್ಮೆ ದಾರವನ್ನು 100 ಸುತ್ತು ಸುತ್ತಿ. ಒಂದು ಕುಚ್ಚಿಗೆ 15 ಮೀಟರಿನ ಆಸುಪಾಸು ಹೋಗುತ್ತದೆ. ಜೋಡಿಗೆ, ಮೇಲ್ತುದಿ ಕಟ್ಟುವ ದಾರ ಸೇರಿ, 350 ಮೀಟರ್ ಇಟ್ಟುಕೊಳ್ಳಿ. ಮ್ಯಾಚಿಂಗ್ ಸೆಂಟರಿನಲ್ಲಿ ರೀಲು ಕೊಳ್ಳುವಾಗಲೇ ಒಟ್ಟಿಗೆ ತೆಗೆದುಕೊಳ್ಳಿ. ವಾರ ಬಿಟ್ಟು ಹೋದರೆ ಅದೇ ನಂಬರಿನ ಬಣ್ಣ ಒಂದು ಛಾಯೆ ಬೇರೆ ಇರುವುದುಂಟು, ಕುಚ್ಚಿನಲ್ಲಿ ಅದು ಎದ್ದು ಹೊಡೆಯುತ್ತದೆ. ಸುತ್ತಿದ ದಾರದ ಮೇಲ್ತುದಿಗೆ 8 ಇಂಚಿನ ಜೋಡಿ ದಾರ ತೂರಿಸಿ ಗಂಟು ಹಾಕಿ. ಗಂಟಿನ ಮೊದಲ ಸುತ್ತನ್ನು ಎರಡು ಬಾರಿ ತಿರುಚಿದರೆ ಎರಡನೇ ಗಂಟು ಹಾಕುವಷ್ಟರಲ್ಲಿ ಸಡಿಲವಾಗುವುದಿಲ್ಲ. ಕೆಳಗಡೆ ಕತ್ತರಿಸಿ, ತಲೆಯಿಂದ ಕಾಲಿಂಚು ಕೆಳಗೆ ಜರಿ ದಾರವನ್ನು ಎಂಟು ಹತ್ತು ಸುತ್ತು ಬಿಗಿದು, ತುದಿಯನ್ನು ಸೂಜಿಯಿಂದ ಕುಚ್ಚಿನ ಹೊಟ್ಟೆಯೊಳಕ್ಕೆ ಇಳಿಸಿ.

ಇಳಿಬಿಟ್ಟ 8 ಇಂಚಿನ ದಾರದಿಂದಲೇ ಕುಚ್ಚನ್ನು ತಳಭಾಗದ ಮಡಿಚಿದ ಅಂಚಿಗೆ ಹೊಲಿಯಿರಿ. ತಲೆ ಅರೆಕಾಲು ಇಂಚು ಮಾತ್ರ ಹೊರಗೆ ಇಣುಕಲಿ. ಪ್ರತಿ ಕುಚ್ಚಿಗೂ ಬೇರೆ ಗಂಟು ಇರಬೇಕು. ಒಂದೇ ದಾರದಲ್ಲಿ ಸಾಲಾಗಿ ಹೊಲಿದರೆ ಒಂದು ಎಲ್ಲಾದರೂ ಸಿಕ್ಕಿ ಕಿತ್ತಾಗ ಪಕ್ಕದವೂ ಹಿಂದೆಯೇ ಬರುತ್ತವೆ. ಕತ್ತರಿಸಿದ ದಾರ ಗುಂಗುರು ಗುಂಗುರಾಗಿ ನಿಂತರೆ ಕುದಿಯುವ ನೀರಿನ ಆವಿಗೆ ಹಿಡಿದು ಬಾಚಣಿಗೆಯಿಂದ ಎಳೆಯಿರಿ, ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ತುದಿ ಸಮ ಮಾಡುವುದನ್ನು ಮೇಜಿನ ಮೇಲೆ ಮಾಡಿದರೆ ತೊಟ್ಟಾಗ ಏರುಪೇರು ಕಾಣುತ್ತದೆ. ಹ್ಯಾಂಗರಿನ ಭುಜಕ್ಕೆ ಟವೆಲ್ ಸುತ್ತಿ, ತುಂಡನ್ನು ಅದರ ಮೇಲೆ ಕೂರಿಸಿ, ಕುಚ್ಚು ಇಳಿದು ನಿಂತ ಮೇಲೆ ಕತ್ತರಿ ಆಡಿಸಿ.

ಈಗ ಹಿಡಿತ. ವೆಲ್ಕ್ರೋ ರೇಷ್ಮೆಯ ಎಳೆ ಕೀಳುತ್ತದೆ. ಅಯಸ್ಕಾಂತ ಸೊಗಸಾಗಿ ಕೂರುತ್ತದೆ, ಆದರೆ ಪೇಸ್‌ಮೇಕರ್ ಇರುವುದು ಹೆಗಲ ಕೆಳಗೇ, ಎದೆಯ ಮೇಲ್ಭಾಗದಲ್ಲಿ. ಅಂಥ ಸಾಧನ ಇರುವವರು ಬಲವಾದ ಅಯಸ್ಕಾಂತವನ್ನು ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು ಎನ್ನುವುದು ಸಾಮಾನ್ಯ ಎಚ್ಚರಿಕೆ. ಉಡುಗೊರೆಯಾಗಿ ಕೊಡುವ ಜೋಡಿಗೆ ನಾನು ಅದನ್ನು ಹಾಕುವುದೇ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಟಿಚ್ ಬಟನ್ ಹಾಕುವುದು ಎಲ್ಲರೂ ಮಾಡುವ ಕೆಲಸ. ಟಿಚ್ ಬಟನ್ ಪಕ್ಕಕ್ಕೆ ಎಳೆದರೆ ತಡೆಯುತ್ತದೆ, ಒಂದು ಅಂಚಿನಿಂದ ಮೇಲಕ್ಕೆ ಸುಲಿದರೆ ಬಿಟ್ಟುಕೊಳ್ಳುತ್ತದೆ. ಕೈ ಎತ್ತಿದಾಗ ತೋಳಿನ ಕಡೆಯ ಬಟನ್ನಿಗೆ ಆಗುವುದು ಈ ಸುಲಿತವೇ.

ಹಳೇ ಫೌಜಿನ ಕೋಟುಗಳಲ್ಲಿ ಇದಕ್ಕೆ ಪರಿಹಾರವಿತ್ತು: ಕೋಟಿನ ಭುಜದ ಮೇಲೆ ಒಂದು ಪುಟ್ಟ ಅಡ್ಡಪಟ್ಟಿ, ಅದರೊಳಗೆ ತೂರುವ ನಾಲಗೆ, ಕಾಲರ್ ಪಕ್ಕ ಒಂದು ಬಟನ್. ನಾನು ಅದನ್ನೇ ಇಳಿಸಿಕೊಂಡಿದ್ದೇನೆ. ಅರ್ಧ ಇಂಚು ಅಗಲದ ಕಾಟನ್ ಟೇಪು 4 ಇಂಚು ಕತ್ತರಿಸಿ ಎರಡೂ ತುದಿ ಮಡಿಚಿಕೊಳ್ಳಿ. ಒಂದು ತುದಿಯನ್ನು ಅಲಂಕಾರದ ತಳಕ್ಕೆ, ಹೊರ ಅಂಚಿನಿಂದ ಒಂದೂವರೆ ಇಂಚು ಒಳಗೆ, ಬಕ್ರಮ್ಮಿನವರೆಗೆ ಸೂಜಿ ಇಳಿಸಿ ಭದ್ರವಾಗಿ ಹೊಲಿಯಿರಿ. ಲೈನಿಂಗ್ ಬಟ್ಟೆಯನ್ನು ಅದಕ್ಕೂ ಮೊದಲೇ ಹೆಮ್ಮಿಂಗ್ ಮಾಡಿ ಕುಚ್ಚಿನ ಗಂಟುಗಳನ್ನು ಮುಚ್ಚಿರಬೇಕು. ಟೇಪಿನ ಇನ್ನೊಂದು ತುದಿ ಕುತ್ತಿಗೆಯ ಕಡೆಗೆ ಬಂದು, ಹೊರ ಅಂಚಿನಿಂದ 4 ಇಂಚಿನಲ್ಲಿ ಅದೇ ತಳಕ್ಕೆ ಟಿಚ್ ಬಟನ್ನಿನಿಂದ ಮುಚ್ಚಿಕೊಳ್ಳುತ್ತದೆ. ಉಡುಪಿನ ಮೇಲೆ ತೋಳಿನ ಹೊಲಿಗೆಯಿಂದ ಒಂದು ಇಂಚು ಒಳಗೆ, ಅದೇ ಬಟ್ಟೆಯ ಕಾಲಿಂಚು ಅಗಲದ ಲೂಪು, ಭುಜದ ಹೊಲಿಗೆಗೆ ಅಡ್ಡಲಾಗಿ. ಟೇಪು ಅರ್ಧ ಇಂಚಾದರೆ ಲೂಪಿನ ಬಾಯಿ ಅದಕ್ಕಿಂತ ಅರೆಕಾಲು ಇಂಚು ಮಾತ್ರ ಹೆಚ್ಚು. ಇನ್ನೂ ಸಡಿಲ ಬಿಟ್ಟರೆ ಅಲಂಕಾರ ಬೆನ್ನಿನ ಕಡೆ ತಿರುಗುತ್ತದೆ. ಲೂಪಿನ ಕೆಳಗೆ, ಒಳಗಡೆ, ಒಂದೂವರೆ ಇಂಚು ಚೌಕದ ಪೇಸ್ಟಿಂಗ್ ಕ್ಯಾನ್ವಾಸ್ (ಬಿಸಿಗೆ ಅಂಟುವ ಬಿರುಸು ಬಟ್ಟೆ) ಇಸ್ತ್ರಿಯಿಂದ ಅಂಟಿಸಿ. ಕುತ್ತಿಗೆಯ ಕಡೆ ಅಲಂಕಾರವನ್ನು ಉಡುಪಿಗೆ ಹಿಡಿಯಲು ಒಂದೇ ಒಂದು ಟಿಚ್ ಬಟನ್ ಸಾಕು.

ಆ ಬಟನ್ನಿನ ಮೊನೆ ಇರುವ ಅರ್ಧ ಅಲಂಕಾರಕ್ಕೆ, ಕುಳಿ ಇರುವ ಅರ್ಧ ಉಡುಪಿಗೆ. ಉಲ್ಟಾ ಮಾಡಿದರೆ ಅಲಂಕಾರ ಇಲ್ಲದ ದಿನ ಬಟ್ಟೆಯ ಮೇಲೆ ಮೊನೆ ಎದ್ದಿರುತ್ತದೆ, ಸೆರಗಿಗೋ ದುಪಟ್ಟಕ್ಕೋ ಸಿಕ್ಕುತ್ತದೆ. ಜಾಗ ಗುರುತಿಸಲು ಅಳತೆ ಪಟ್ಟಿ ಬೇಕಿಲ್ಲ: ಮೊನೆಯನ್ನು ಮೊದಲು ಹೊಲಿದು, ಅದಕ್ಕೆ ಟೈಲರ್ ಚಾಕ್ ಉಜ್ಜಿ, ಟೇಪನ್ನು ಲೂಪಿಗೆ ತೂರಿಸಿ ಸರಿಯಾಗಿ ಕೂರಿಸಿ ಒತ್ತಿ. ಚಾಕಿನ ಚುಕ್ಕಿ ಬಿದ್ದಲ್ಲಿ ಕುಳಿ. ತೋಳಿನ ಕಡೆ ಆಚೆ ಚಾಚಿದ ಒಂದು ಇಂಚನ್ನು ಯಾವುದಕ್ಕೂ ಸಿಕ್ಕಿಸಬೇಡಿ, ಅದು ಬಿಡಿಯಾಗಿದ್ದರೇ ಕೈ ಸಲೀಸಾಗಿ ಏಳುವುದು.

ಸೀರೆಯ ಜೊತೆ ಲೆಕ್ಕ ಬೇರೆ. ಎಡ ಹೆಗಲ ಮೇಲೆ ಸೆರಗಿನ ನೆರಿಗೆ ಕೂರುವುದರಿಂದ ಅಲ್ಲಿ ಉಬ್ಬಿದ ತುಂಡು ಇಟ್ಟರೆ ನೆರಿಗೆಯೂ ಹಾಳು, ಕುಚ್ಚೂ ಕಾಣದು. ಬಲ ಹೆಗಲಿಗೆ ಒಂದನ್ನೇ ಮಾಡಿ. ಕೊಡವ ಉಡುಗೆಯಲ್ಲಿ ಸೆರಗು ಬಲ ಹೆಗಲಿಗೆ ಬರುತ್ತದೆ, ಹಾಗಾಗಿ ಅಲ್ಲಿ ಎಡಕ್ಕೆ. ರವಿಕೆಯ ಭುಜ ಎರಡೂವರೆ ಮೂರು ಇಂಚು ಮಾತ್ರ ಇದ್ದರೆ ಮೇಲಿನ ಅಳತೆ ಹೊಂದುವುದಿಲ್ಲ. ಪಟ್ಟಿಯ ಭಾಗ ಬಿಟ್ಟು ಮೂರು ಇಂಚಿನ ವೃತ್ತವಷ್ಟೇ ಇಡಿ, ಕುಚ್ಚು ಒಂಬತ್ತಕ್ಕೆ ಇಳಿಸಿ. ಕಾರು ಓಡಿಸುವವರಿಗೆ ಸೀಟ್ ಬೆಲ್ಟ್ ಬರುವುದು ಬಲ ಹೆಗಲ ಮೇಲೆ, ಆ ಬೆಲ್ಟು ಒಂದೇ ಪ್ರಯಾಣದಲ್ಲಿ ಕುಚ್ಚನ್ನು ಪೊರಕೆ ಮಾಡಿಬಿಡುತ್ತದೆ. ತೆಗೆಯಲು ಬರುವಂತೆ ಮಾಡಿರುವುದೇ ಇದಕ್ಕೆ, ತಲುಪಿದ ಮೇಲೆ ಹಾಕಿಕೊಳ್ಳಿ.

ಶಾಲೆಯ ವೇಷಭೂಷಣ ಸ್ಪರ್ಧೆಗೆ ಪೊಲೀಸ್, ಸೈನಿಕರ ಭುಜಪಟ್ಟಿ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಬಣ್ಣ, ಗೆರೆ, ಕುಚ್ಚು ನಿಮ್ಮದೇ ಇರಲಿ. ಅಶೋಕ ಸಿಂಹದ ಲಾಂಛನ ಅಂಟಿಸಬೇಡಿ. ರಾಷ್ಟ್ರಲಾಂಛನದ ಅನುಚಿತ ಬಳಕೆಗೆ 2005ರ ಕಾಯ್ದೆಯ ನಿಷೇಧವಿದೆ.

ಒಗೆಯುವಂತಿಲ್ಲ. ಬೆವರು ತಾಗುವುದು ಒಳಗಿನ ಲೈನಿಂಗಿಗೆ ಮಾತ್ರ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಲೈನಿಂಗನ್ನು ಮೆಷಿನ್ ಹೊಲಿಗೆ ಬಿಟ್ಟು ಕೈ ಹೆಮ್ಮಿಂಗ್ ಮಾಡುವುದು ಇದೇ ಕಾರಣಕ್ಕೆ: ಕೊಳೆಯಾದರೆ ಬಿಚ್ಚಿ ಬೇರೆ ಹಾಕಬಹುದು. ಎತ್ತಿಡುವಾಗ ಕುಚ್ಚು ಬಾಚಿ, ಬಟರ್ ಪೇಪರಿನಲ್ಲಿ ಸುತ್ತಿ, ಬಾಗಿಸಲು ಬಳಸಿದ ಅದೇ ಡಬ್ಬಿಯ ಮೈಮೇಲೆ ಒಂದು ಎಡಕ್ಕೆ ಒಂದು ಬಲಕ್ಕೆ ಕಟ್ಟಿ ಇಡಿ. ಸೀರೆಗಳ ಕೆಳಗೆ ತುರುಕಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗು ಹೋಗಿ ಮತ್ತೆ ಮಣೆಯಾಗಿರುತ್ತದೆ.