ಗಡಸು ನೀರಿಗೆ ಯಾವ ಫಿಲ್ಟರ್?

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಮಾಡಿದವರು ಫಿಲ್ಟರ್ ಕೊಳ್ಳುವ ಮುಂಚೆ, ನಲ್ಲಿಯಲ್ಲಿ ಬರುವುದು ಕಾವೇರಿ ನೀರೋ ಬೋರ್ ನೀರೋ ಅಂತ ವಿಚಾರಿಸಿಕೊಳ್ಳಿ. ಬೋರ್ ನೀರು ಸಾಮಾನ್ಯವಾಗಿ ಗಡಸು. ಸೋಪು ನೊರೆ ಬರುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ, ಗೀಸರ್ ಒಳಗೆ ಸುಣ್ಣ ಕಟ್ಟುತ್ತದೆ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದಕ್ಕೆ ಕಾರಣ. ಕರಗಿದ್ದನ್ನು ಮಾಮೂಲಿ ಫಿಲ್ಟರಿನಲ್ಲಿ ಸೋಸಿ ತೆಗೆಯಲು ಆಗುವುದಿಲ್ಲ ಅಲ್ವಾ? ಕ್ಯಾಂಡಲ್ ಫಿಲ್ಟರ್ ಮಣ್ಣು ಹಿಡಿಯುತ್ತದೆ, ಕಾರ್ಬನ್ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಯುವಿ, ಅಂದರೆ ನೇರಳಾತೀತ ಬೆಳಕು, ರೋಗಾಣು ಕೊಲ್ಲುತ್ತದೆ. ಮೂರಕ್ಕೂ ಗಡಸುತನ ಇಳಿಯುವುದಿಲ್ಲ. ಯುವಿ ದೀಪದ ಗಾಜಿಗೆ ಸುಣ್ಣ ಮೆತ್ತಿಕೊಂಡರೆ ಬೆಳಕೇ ನೀರಿಗೆ ತಲುಪುವುದಿಲ್ಲ. ನೀರು ಕುದಿಸಿದರೆ ಗಡಸಿನ ಒಂದು ಪಾಲು ತಳದಲ್ಲಿ ಕೂರುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ಕುಡಿಯುವ ನೀರಿನ ಗಡಸು ನಿಜವಾಗಿ ಇಳಿಸುವುದು ಆರ್‌ಓ. ಅದು ನೀರನ್ನು ಒತ್ತಡದಿಂದ ತೀರಾ ಸೂಕ್ಷ್ಮ ಪೊರೆಯ ಮೂಲಕ ದಾಟಿಸಿ, ಲವಣ ಉಳಿದ ನೀರನ್ನು ಹೊರಗೆ ಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಕೂಡ ಇರುತ್ತದೆ. ಅದು ಕುದಿಸಿದರೆ ಹೋಗುವುದಿಲ್ಲ, ಆರ್‌ಓ ಅದನ್ನೂ ಬಹಳಷ್ಟು ತೆಗೆಯುತ್ತದೆ. ಆದರೆ ಕಾವೇರಿ ನೀರಿಗೆ ಸುಮ್ನೆ ಆರ್‌ಓ ಹಾಕಿಸಬೇಡಿ. ದುಡ್ಡೂ ದಂಡ, ನೀರೂ ದಂಡ. ಯುವಿ ಸಾಕು.

ಮಾರಲು ಬಂದವರು ನಿಮ್ಮ ನೀರಿಗೆ ಎರಡು ಸರಳು ಇಳಿಸಿ ಕರೆಂಟ್ ಹರಿಸುತ್ತಾರೆ. ನೀರು ಕಂದಾದರೆ ಹೆದರಬೇಡಿ, ಆ ಬಣ್ಣ ಕಬ್ಬಿಣದ ಸರಳಿನಿಂದ ಬಂದದ್ದು. ಟಿಡಿಎಸ್ ಮೀಟರ್ ತೋರಿಸುವುದೂ ಎಲ್ಲ ಲವಣಗಳ ಒಟ್ಟು ಅಂದಾಜು, ಗಡಸು ಮಾತ್ರ ಅಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 600ರವರೆಗೆ ನಡೆಯುತ್ತದೆ.

ಸ್ನಾನಕ್ಕೆ, ವಾಷಿಂಗ್ ಮೆಷಿನ್ನಿಗೆ ಸಾಫ್ಟನರ್ ಹಾಕಿಸಿ. ಅದು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಅದಕ್ಕೇ ಆಗಾಗ ಉಪ್ಪು ತುಂಬಬೇಕು. ಟಿಡಿಎಸ್ ಇಳಿಯುವುದಿಲ್ಲ. ಬಿಪಿ ಇರುವವರು ಆ ನೀರು ಕುಡಿಯದಿರುವುದೇ ಒಳ್ಳೆಯದು.

ಆರ್‌ಓ ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿಯಿರಿ. ನೆಲ ಒರೆಸಲು, ಟಾಯ್ಲೆಟ್ಟಿಗೆ ಆಗುತ್ತದೆ. ಕುಂಡದ ಗಿಡಗಳಿಗೆ ಮಾತ್ರ ದಿನಾ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಜಾಸ್ತಿಯಾಗುತ್ತದೆ.